ಅರಮನೆಯಿಂದ ಬಂದರಿಗೆ: ರಾಜಾ ದೀನದಯಾಳರ ಕ್ಯಾಮೆರಾ

ಭೀಮಾತೀರದ ಘತ್ತರಗಿಯು ಭಾಗ್ಯವಂತಿದೇವಿಯ ಸನ್ನಿಧಿಯಿಂದ ಪ್ರಸಿದ್ಧವಾದ ಯಾತ್ರಾಸ್ಥಳ. 1948ರವರೆಗೆ ಈ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸಂಸ್ಥಾನದ ವೈಭವವನ್ನು ಗಾಜಿನ ಫಲಕಗಳ ಮೇಲೆ ಉಳಿಸಿಕೊಟ್ಟವರು ರಾಜಾ ದೀನದಯಾಳರು.

1844ರಲ್ಲಿ ಮೀರತ್ ಬಳಿಯ ಸರಧನಾದಲ್ಲಿ ಜನಿಸಿದ ದೀನದಯಾಳರು, ರೂರ್ಕಿಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿ, ಇಂದೋರಿನ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ನಕ್ಷೆ ಬರೆಯುವುದು, ಕಟ್ಟಡದ ಖರ್ಚನ್ನು ಅಂದಾಜು ಮಾಡುವುದು ಅವರ ಕೆಲಸ. 1874ರ ಸುಮಾರಿಗೆ ಹವ್ಯಾಸವೆಂದು ಹಿಡಿದ ಕ್ಯಾಮೆರಾ ಕ್ರಮೇಣ ಆ ಭದ್ರವಾದ ನೌಕರಿಯನ್ನೇ ಬಿಡಿಸಿತು. ಸಂಸಾರವಂದಿಗರಿಗೆ ಇದು ಸಣ್ಣ ಸಾಹಸವಲ್ಲ! ಆದರೆ ಅವರ ಅಂದಾಜು ತಪ್ಪಲಿಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿಖಾನರು ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡು, ಮುಂದೆ ‘ರಾಜಾ’ ಬಿರುದನ್ನಿತ್ತರು.

1886ರಲ್ಲಿ ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ಆರಂಭವಾಯಿತು. ಪರದೆಯ ಮರೆಯಲ್ಲಿದ್ದ ಸ್ತ್ರೀಯರು ಪರಪುರುಷರ ಮುಂದೆ ಕುಳಿತು ಚಿತ್ರ ತೆಗೆಸಿಕೊಳ್ಳುವಂತಿರಲಿಲ್ಲ. ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಅವರಿಗೆಂದೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಗೆ ವಹಿಸಿದರು. ಅಂತಃಪುರದ ಸಂಕೋಚಕ್ಕೆ ಭಂಗ ಬಾರದಂತೆ ಅಂತಃಪುರದ ಮುಖಗಳು ಚಿತ್ರಕ್ಕೆ ಬಂದವು.

ಅರಮನೆಯ ಕೃಪೆ ಎಷ್ಟಿದ್ದರೂ ಅದು ಒಬ್ಬ ಪ್ರಭುವಿನ ಮನಸ್ಸನ್ನು ಅವಲಂಬಿಸಿದ್ದು. ಮುಂಬಯಿಯಾದರೋ ಹಡಗುಗಳೂ ರೈಲುಗಳೂ ದಿನನಿತ್ಯ ಹೊಸ ಗಿರಾಕಿಗಳನ್ನು ತಂದಿಳಿಸುತ್ತಿದ್ದ ಬಂದರು. 1896ರಲ್ಲಿ ದೀನದಯಾಳರು ಅಲ್ಲಿಯೂ ಸ್ಟುಡಿಯೋ ತೆರೆದರು. ಸಿಕಂದರಾಬಾದಿನಿಂದ ಆ ಬಂದರಿಗೆ ಸಾಗುವ ರೈಲು ನಮ್ಮ ವಾಡಿ, ಕಲಬುರಗಿಗಳನ್ನು ಹಾದೇ ಹೋಗುತ್ತಿತ್ತು.

1905ರಲ್ಲಿ ದೀನದಯಾಳರು ತೀರಿಕೊಂಡರು. ಮುಂದೆ ಸಂಸ್ಥಾನವೂ ಅಳಿಯಿತು, ಗಾಜು ಉಳಿಯಿತು. 1989ರಲ್ಲಿ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರವು ಪಡೆದ ಅವರ ಸಂಗ್ರಹದಲ್ಲಿ 2,857 ಗಾಜಿನ ಫಲಕಗಳಿವೆ.

ಆದರೆ ಚಿತ್ರ ಉಳಿದ ಮಾತ್ರಕ್ಕೆ ಮನುಷ್ಯನ ನೆನಪು ಉಳಿಯುವುದಿಲ್ಲ. ಹೆಸರಿಲ್ಲದ ಮುಖ ಎರಡೇ ತಲೆಮಾರಿನಲ್ಲಿ ಅಪರಿಚಿತವಾಗುತ್ತದೆ. ದೀನದಯಾಳರು ಚಿತ್ರಗಳಿಗೆ ಕ್ರಮಸಂಖ್ಯೆ ಹಾಕಿ ದಫ್ತರ ಇಡುತ್ತಿದ್ದರು. ನಕ್ಷೆಯ ಕಚೇರಿಯಲ್ಲಿ ಕಲಿತ ಶಿಸ್ತು ಅದಾಗಿರಬೇಕು. ನಮ್ಮ ಮನೆಗಳ ಗೋಡೆಯ ಮೇಲಿರುವ ಅಜ್ಜ-ಅಜ್ಜಿಯರ ಪಟಗಳ ಹಿಂದೆ ಹೆಸರು, ಊರು, ಇಸವಿಗಳನ್ನು ಬರೆದಿಟ್ಟಿದ್ದೇವೆಯೇ? ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ ಬರೆದಿಡುವುದು ಲೇಸು.