ಹಳೇ ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಮಾಸ್ಟರ್ ಸಿಲಿಂಡರ್ ಎಷ್ಟು ದೊಡ್ಡದಿರಬೇಕು?

ನಮ್ಮ ಕನಕಗಿರಿ, ಗಂಗಾವತಿ ಕಡೆ ಹಳೇ ಅಂಬಾಸಿಡರ್, ಪದ್ಮಿನಿ ಇಟ್ಕೊಂಡೋರಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸೋ ಆಸೆ. ಒಳ್ಳೇದೇ. ಆದ್ರೆ ಮಾಸ್ಟರ್ ಸಿಲಿಂಡರ್ ಯಾವುದು ಅಂತ ಕೇಳಿ, ಬರೋ ಸಲಹೆ ಒಂದೇ: "ದೊಡ್ಡದ ಹಾಕ್ರಿ, ಬ್ರೇಕ್ ಗಟ್ಟಿ ಹಿಡಿತೈತಿ." ಲೆಕ್ಕ ಉಲ್ಟಾ ಇದೆ.

ಕಾಲಿನ ಬಲವನ್ನ ಪಿಸ್ಟನ್ನಿನ ವಿಸ್ತೀರ್ಣದಿಂದ ಭಾಗಿಸಿದ್ರೆ ಸಿಗೋದೇ ಆಯಿಲ್ ಒತ್ತಡ. ಮುಕ್ಕಾಲು ಇಂಚಿನ ಬೋರ್ ಅಂದ್ರೆ ಸುಮಾರು 285 ಚದರ ಮಿ.ಮೀ., ಒಂದು ಇಂಚಿಂದು 507. ಅದೇ ಕಾಲು, ಅದೇ ಪೆಡಲ್, ದೊಡ್ಡದರಲ್ಲಿ ಒತ್ತಡ ಹತ್ತಿರ ಹತ್ತಿರ 44% ಕಡಿಮೆ! ಪೆಡಲ್ ಗಟ್ಟಿ ಅನ್ನಿಸುತ್ತೆ, ಗಾಡಿ ನಿಲ್ಲಲ್ಲ. ಭತ್ತದ ಟ್ರ್ಯಾಕ್ಟರ್ ಅಡ್ಡ ಬಂದಾಗ ಗೊತ್ತಾಗುತ್ತೆ.

ಹಾಗಂತ ತೀರಾ ಸಣ್ಣದೂ ಬೇಡ. ಕ್ಯಾಲಿಪರ್ ಪಿಸ್ಟನ್ ದೊಡ್ಡದು, ಆಯಿಲ್ ಸಾಲದೆ ಪೆಡಲ್ ನೆಲ ಮುಟ್ಟುತ್ತೆ. ಆ ಕ್ಯಾಲಿಪರ್ ಯಾವ ಗಾಡಿಯದು, ಅದರ ಬೋರ್ ಎಷ್ಟು, ಬೂಸ್ಟರ್ ಇತ್ತಾ ಅಂತ ಮೊದಲು ಕೇಳಿ. ಬೂಸ್ಟರ್ ಇದ್ದ ಗಾಡಿಯ ದೊಡ್ಡ ಸಿಲಿಂಡರ್ ತಂದು ಬೂಸ್ಟರ್ ಬಿಟ್ಟರೆ ಕಾಲು ಸೋಲುತ್ತೆ.

ಇನ್ನೊಂದು, ಡ್ರಮ್‌ಗೆ ಮಾಡಿದ ಎಷ್ಟೋ ಸಿಲಿಂಡರ್‌ಗಳಲ್ಲಿ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸೋ ವಾಲ್ವ್ ಇರುತ್ತೆ, ಸುಮಾರು 10 ಪಿಎಸ್‌ಐ. ಡಿಸ್ಕ್ ಲೈನಿಗೆ ಅದು ಜಾಸ್ತಿ. ಪ್ಯಾಡ್ ಉಜ್ಜುತ್ತಲೇ ಇದ್ದು ಕಾಯುತ್ತೆ.

ದುಡ್ಡು ಒಂದಕ್ಕೇ ಇದ್ರೆ? ನಾನಾದ್ರೆ ಡಿಸ್ಕ್‌ಗಿಂತ ಮೊದಲು ಎರಡು ಕೋಣೆಯ ಟ್ಯಾಂಡಮ್ ಸಿಲಿಂಡರ್ ಹಾಕಿಸ್ತೀನಿ, ಮುಂದಿನ ಹಿಂದಿನ ಪೈಪ್ ಬೇರೆ ಮಾಡಿಸಿ. ಹಳೇ ಸಿಂಗಲ್ ಸರ್ಕ್ಯೂಟ್‌ನಲ್ಲಿ ಒಂದು ಪೈಪ್ ಒಡೆದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಜಾತ್ರೆ ಜನದ ನಡುವೆ ಹ್ಯಾಂಡ್‌ಬ್ರೇಕ್ ಒಂದೇ ಗತಿ.

ಬ್ರೇಕ್ ಆಯಿಲ್ ಕಥೆ ಮುಂದಿನ ಎಪಿಸೋಡ್‌ನಲ್ಲಿ.