ಹಾಲೋ, ಸಾಲೋ, ಕಾಲೋ?

ಮದುವೆ ಮನೆಯಿಂದ ಬಂದ ಅವ್ವ ಸೀರೆ ಕೂಡ ಬದಲಿಸದೆ ಗೋಡೆಗೆ ಒರಗಿಬಿಡುತ್ತಿದ್ದಳು. "ಹೊಲ ಕಳೆ ತೆಗೆದು ಬಂದಂಗಾಗೈತಿ" ಅನ್ನುತ್ತಿದ್ದಳು. ಮಾಡಿದ್ದಾದರೂ ಏನು? ಕೂತಿದ್ದು, ಉಂಡಿದ್ದು, ನಾಲ್ಕು ಮಂದಿಯ ಜೊತೆ ಮಾತಾಡಿದ್ದು. ಬಿಪಿ ನೋಡಿಸಿದೆವು, ಶುಗರ್ ನೋಡಿಸಿದೆವು, ರಕ್ತ ಕಡಿಮೆಯಿರಬಹುದೆಂದು ಬೀಟ್‌ರೂಟ್ ತಿನ್ನಿಸಿದೆವು. ಕಿವಿ ಮಂದವಾಗಿದ್ದು ಎಲ್ಲರಿಗೂ ಗೊತ್ತಿತ್ತು. ದಣಿವಿನ ಬೇರು ಅಲ್ಲೇ ಇದ್ದೀತೆಂದು ಯಾರಿಗೆ ಹೊಳೆಯಬೇಕು!

ಒಂದು ಸಂಜೆ ಮಿಕ್ಸರ್ ತಿರುಗುತ್ತಿರುವಾಗ "ಅವ್ವಾ, ಹಾಲು!" ಎಂದು ಕೂಗಿದೆ. ಆಕೆ ನನ್ನ ತುಟಿಯನ್ನೇ ದಿಟ್ಟಿಸಿದಳು. ಹುಬ್ಬು ಗಂಟಿಕ್ಕಿತು, ಕಣ್ಣು ಒಲೆಯತ್ತ ಹೊರಳಿತು, ಆಮೇಲೆ ದಡಬಡಿಸಿ ಎದ್ದಳು. ಆ ಅರೆಗಳಿಗೆಯಲ್ಲಿ ಎಂಥ ಪವಾಡ ನಡೆದುಹೋಗಿತ್ತು! ವಯಸ್ಸಾದ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಹೆಚ್ಚು ಕಂಪನಾಂಕದ ಕೀರಲು ಸದ್ದುಗಳನ್ನು. ಸ್ವರಗಳು ದಪ್ಪ, ಹೇಗೋ ನುಗ್ಗಿ ಬರುತ್ತವೆ. ಸ, ಶ, ತ, ಕ ಥರದ ವ್ಯಂಜನಗಳು ತೆಳು, ದಾರಿಯಲ್ಲೇ ಉದುರುತ್ತವೆ. ಅವ್ವನಿಗೆ ಮುಟ್ಟಿದ್ದು ಬರೀ "...ಆಲು"! ಹಾಲೋ, ಸಾಲೋ, ಕಾಲೋ, ಪಾಲೋ? ತುಟಿ ನೋಡಿ, ಒಲೆ ನೋಡಿ, ಹೊತ್ತು ನೋಡಿ ಮಿದುಳು ಬಿಟ್ಟ ಸ್ಥಳ ತುಂಬಿತು. ಅಷ್ಟರಲ್ಲಿ ಮುಂದಿನ ಪದ ಬಾಗಿಲಲ್ಲಿ ನಿಂತಿರುತ್ತದೆ. ಮದುವೆ ಮನೆಯಲ್ಲಿ ವಾಲಗದ ನಡುವೆ ಆರು ತಾಸು ಇದೇ ಪರೀಕ್ಷೆ ಬರೆದರೆ ಯಾರು ತಾನೇ ಸೋಲುವುದಿಲ್ಲ?

ಈ ದುಡಿಮೆ ಕಣ್ಣಿಗೆ ಕಾಣುತ್ತದೆ ಅಂದರೆ ನಂಬುತ್ತೀರಾ? ಕಷ್ಟಪಟ್ಟು ಕೇಳಿಸಿಕೊಳ್ಳುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ! ಸಂಶೋಧಕರು ಅದನ್ನೇ ಅಳೆದು ಆಲಿಸುವ ಶ್ರಮವನ್ನು ಲೆಕ್ಕ ಹಾಕುತ್ತಾರೆ. ಕಣ್ಣು ಕಿವಿಗಳ ನಂಟು ಅಲ್ಲಿಗೇ ಮುಗಿಯುವುದಿಲ್ಲ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ಸಂಶೋಧಕರು "ಗ" ಅನ್ನುವ ಬಾಯಿಗೆ "ಬ" ಸದ್ದು ಜೋಡಿಸಿ ತೋರಿಸಿದರು. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು "ದ"!

ಇನ್ನು ಕಿವಿಯೊಳಗೆ ಇಣುಕಿದರೆ, ಅಲ್ಲಿನ ಬಟಾಣಿ ಕಾಳಿನಷ್ಟು ಶಂಖದಲ್ಲಿ ಸುಮಾರು 15,000 ಕೂದಲು ಕೋಶಗಳು, ಸದ್ದನ್ನು ಹಿಡಿಯುವುದೇ ಅವು. ಕೋಳಿಗೆ ಸತ್ತ ಕೋಶಗಳು ಮತ್ತೆ ಹುಟ್ಟುತ್ತವೆ, ನಮಗಿಲ್ಲ. (ಇದನ್ನು ಓದಿದಂದಿನಿಂದ ಹಿತ್ತಲ ಹುಂಜ ಕಂಡರೆ ಹೊಟ್ಟೆಕಿಚ್ಚು.)

ಹಾಗಾದರೆ ಮಾಡುವುದೇನು? ಮೊದಲು ಆಡಿಯಾಲಜಿಸ್ಟ್ ಬಳಿ ಕಿವಿ ಪರೀಕ್ಷೆ. ನಮಗಂತೂ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶ್ರವಣಯಂತ್ರ ಹೆಣಗಾಟವನ್ನು ಇಳಿಸಬಲ್ಲದು. ಆದರೆ ಪಾತ್ರೆಯ ಸದ್ದನ್ನೂ ದೊಡ್ಡದು ಮಾಡುತ್ತದೆ, ಮಿದುಳು ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ನಾಲ್ಕೇ ದಿನಕ್ಕೆ ಡಬ್ಬಿಗೆ ಹಾಕುವವರೇ ಹೆಚ್ಚು ಅನ್ನುವುದು ನನ್ನ ಅನುಮಾನ. ದಣಿವು ಬಿಡದಿದ್ದರೆ ವೈದ್ಯರಿಗೆ ತೋರಿಸಿ, ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ.

ಉಳಿದದ್ದು ಮನೆಯವರ ಕೈಯಲ್ಲಿದೆ. ಈಗ ನಾವು ಮಿಕ್ಸರ್ ನಿಲ್ಲಿಸಿ, ಎದುರಿಗೆ ಬಂದು, ಬೆಳಕಿಗೆ ಮುಖ ಕೊಟ್ಟು ಮಾತಾಡುತ್ತೇವೆ. ಕೇಳಿಸದಿದ್ದರೆ ಅದನ್ನೇ ಅರಚುವುದಿಲ್ಲ, "ಒಲೆ ಮೇಲೆ ಹಾಲು ಉಕ್ಕುತ್ತಿದೆ" ಎಂದು ಬೇರೆ ಮಾತಲ್ಲಿ ಹೇಳುತ್ತೇವೆ. ಸಮಾರಂಭಗಳಲ್ಲಿ ಸ್ಪೀಕರ್‌ನಿಂದ ದೂರ, ಗೋಡೆಗೆ ಬೆನ್ನು ಕೊಟ್ಟ ಕುರ್ಚಿ. ನಡುವೆ ಹತ್ತು ನಿಮಿಷ ಯಾರೂ ಮಾತಾಡಿಸದ ಬಿಡುವು.

ಕಳೆದ ತಿಂಗಳ ಮದುವೆಯಿಂದ ವಾಪಸಾಗುವಾಗ ಅವ್ವ ಬಸ್ಸಿನಲ್ಲಿ ಯಾರ ಮಗಳಿಗೆ ಎಲ್ಲಿಯ ಗಂಡು ಅನ್ನುವುದನ್ನೆಲ್ಲ ಹೇಳುತ್ತಲೇ ಇದ್ದಳು. ತೂಕಡಿಸಿದ್ದು ನಾನು.