ಬಣ್ಣಕ್ಕೆ ಬಿಸಿಲಿನ ಒರೆಗಲ್ಲು

ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಇಂಗ್ಲೆಂಡಿನ ಹೆಸರಾಂತ ಕಲಾವಿದ ಟರ್ನರನ 38 ಜಲವರ್ಣ ಚಿತ್ರಗಳಿವೆ. 1900ರಲ್ಲಿ ಇವು ಹೆನ್ರಿ ವಾನ್ ಎಂಬ ಸಂಗ್ರಾಹಕನ ಮರಣಶಾಸನದ ಮೂಲಕ ಆ ಸಂಸ್ಥೆಗೆ ಬಂದವು. ಕೊಡುಗೆಯ ಜೊತೆಗೆ ಒಂದು ನಿಬಂಧನೆಯೂ ಇದ್ದಿತು: ಇವುಗಳನ್ನು ಜನರಿಗೆ ಉಚಿತವಾಗಿ ತೋರಿಸಬೇಕು, ಆದರೆ ವರ್ಷದಲ್ಲಿ ಜನವರಿ ತಿಂಗಳೊಂದರಲ್ಲಿ ಮಾತ್ರ. ಆ ಉತ್ತರದ ನಾಡಿನಲ್ಲಿ ಜನವರಿಯ ಬೆಳಕು ಅತ್ಯಂತ ಕ್ಷೀಣವಾದುದು. ಬೆಳಗಾಯಿತು ಎನ್ನುವಷ್ಟರಲ್ಲಿ ಬೈಗಾಗುತ್ತದೆ. ಉಳಿದ ಹನ್ನೊಂದು ತಿಂಗಳು ಚಿತ್ರಗಳು ಕತ್ತಲಲ್ಲಿರುತ್ತವೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ನಿಯಮ ನಡೆದುಬಂದುದರಿಂದಲೇ ಅವುಗಳ ಬಣ್ಣ ಇಂದಿಗೂ ಹೊಸದರಂತೆ ಕಾಣುತ್ತದೆ. ನೋಡುವುದಕ್ಕೆ ಬೆಳಕು ಬೇಕು, ಆ ಬೆಳಕೇ ನೋಡಬೇಕಾದುದನ್ನು ಅಳಿಸುತ್ತದೆ ಎಂಬ ಇಕ್ಕಟ್ಟನ್ನು ವಾನ್ ಚೆನ್ನಾಗಿ ಅರಿತಿದ್ದನು. ಸ್ವತಃ ಟರ್ನರನಿಗೆ ಈ ಎಚ್ಚರ ಅಷ್ಟಾಗಿ ಇರಲಿಲ್ಲ. ಬಾಳಿಕೆ ಬಾರದ ಬಣ್ಣಗಳನ್ನು ಕೊಳ್ಳುತ್ತಿರುವುದೇಕೆಂದು ಕೇಳಿದ ವರ್ತಕನಿಗೆ, ಬಣ್ಣ ತಯಾರಿಸುವುದಷ್ಟೇ ನಿನ್ನ ಕೆಲಸ ಎಂಬ ಅರ್ಥದ ಉತ್ತರವನ್ನು ಅವನು ಕೊಟ್ಟನೆಂದು ಹೇಳುವುದುಂಟು.

ಜಲವರ್ಣವೆಂದರೆ ನುಣ್ಣಗೆ ಅರೆದ ವರ್ಣದ್ರವ್ಯವನ್ನು ಅರಬ್ಬೀ ಗೋಂದಿನಲ್ಲಿ ಕಲಸಿದ ವಸ್ತು. ತೈಲವರ್ಣದಲ್ಲಿ ಬಣ್ಣದ ಕಣಗಳ ಸುತ್ತ ಎಣ್ಣೆಯ ದಪ್ಪ ಹೊದಿಕೆ ಇರುತ್ತದೆ. ಮೇಲಿನ ಕಣಗಳು ಕೆಟ್ಟರೂ ಕೆಳಗಿನವು ಉಳಿದಿರುತ್ತವೆ. ಜಲವರ್ಣದಲ್ಲಿ ಅಂತಹ ರಕ್ಷಣೆ ಇಲ್ಲ. ನೀರು ಆರಿದ ಮೇಲೆ ಕಾಗದದ ನಾರುಗಳ ಮೇಲೆ ಉಳಿಯುವುದು ಅತಿ ತೆಳುವಾದ ಪದರ. ಬೆಳಕು ಅದನ್ನು ಭೇದಿಸಿ, ಬಿಳಿಯ ಕಾಗದಕ್ಕೆ ತಾಗಿ, ಮತ್ತೆ ಅದರ ಮೂಲಕವೇ ಹಿಂದಿರುಗುತ್ತದೆ. ಆ ಚಿತ್ರಗಳ ಕಾಂತಿಗೆ ಕಾರಣವೂ ಇದೇ, ಅವು ಬೇಗ ಬಾಡುವುದಕ್ಕೆ ಕಾರಣವೂ ಇದೇ. ಒಂದೇ ಬಣ್ಣವನ್ನು ಗಾಢವಾಗಿ ಬಳಿದಾಗ ಹತ್ತು ವರ್ಷ ನಿಂತರೂ, ನೀರು ಬೆರೆಸಿ ತೆಳುವಾಗಿ ಹರಿಯಿಸಿದಾಗ ಅದು ಬಲು ಬೇಗ ಮಾಸಬಹುದು.

ಬೆಳಕಿನಿಂದ ಆಗುವ ಹಾನಿಗೆ ಒಂದು ಮೂಲನಿಯಮವಿದೆ. ವಸ್ತು ಹೀರಿಕೊಂಡ ಬೆಳಕು ಮಾತ್ರ ಅದರಲ್ಲಿ ರಾಸಾಯನಿಕ ಬದಲಾವಣೆಯನ್ನು ತರಬಲ್ಲದು. ಕೆಂಪು ಬಣ್ಣವು ಕೆಂಪು ಕಿರಣಗಳನ್ನು ಹಿಂದಕ್ಕೆ ಕಳುಹಿಸಿ, ನೀಲಿ ಹಸುರುಗಳನ್ನು ಹೀರುತ್ತದೆ. ನೀಲಿ, ನೇರಿಳೆ, ಅತಿನೇರಿಳೆ ಕಿರಣಗಳಲ್ಲಿ ಶಕ್ತಿ ಹೆಚ್ಚು. ಹೀರಲ್ಪಟ್ಟ ಆ ಶಕ್ತಿಯು ವರ್ಣದ ಅಣುವನ್ನು ಉದ್ರೇಕಗೊಳಿಸುತ್ತದೆ. ಅಲ್ಲೇ ಇರುವ ಆಮ್ಲಜನಕವೂ ತೇವವೂ ಆ ಅಣುವಿನ ಮೇಲೆ ಎರಗಿ ಅದನ್ನು ಒಡೆಯುತ್ತವೆ. ಅಣು ಒಡೆಯಿತೆಂದರೆ ಬಣ್ಣ ಹೋಯಿತು. ಕಾವಿ, ಜಾಜು, ಕೆಮ್ಮಣ್ಣುಗಳು ಕಬ್ಬಿಣದ ಆಕ್ಸೈಡುಗಳು. ಅವು ಬಹುಮಟ್ಟಿಗೆ ಆಗಲೇ ಆಮ್ಲಜನಕದೊಡನೆ ಕೂಡಿ ನೆಲೆನಿಂತ ವಸ್ತುಗಳಾದುದರಿಂದ ಬಿಸಿಲಿಗೆ ಜಗ್ಗುವುದಿಲ್ಲ. ಕಾಡಿಗೆಯ ಮಸಿಯೂ ಹಾಗೆಯೇ. ಕೀಟದಿಂದ ತೆಗೆದ ಕಾರ್ಮೈನ್, ಬೇರಿನಿಂದ ತೆಗೆದ ಮಂಜಿಷ್ಠವರ್ಗದ ಕೆಂಪು ಮೊದಲಾದ ಸಾವಯವ ಬಣ್ಣಗಳ ಅಣುಗಳು ಸಂಕೀರ್ಣವಾದವು, ಒಡೆಯಲು ಸುಲಭವಾದವು. ಹಾಗೆಂದು ಖನಿಜವೆಲ್ಲ ಸ್ಥಿರ, ಸಾವಯವವೆಲ್ಲ ಅಸ್ಥಿರ ಎಂದು ತೀರ್ಮಾನಿಸಿಬಿಡುವಂತಿಲ್ಲ. ಪಾದರಸದ ಖನಿಜವಾದ ಇಂಗುಲಿಕವು ಬೆಳಕಿಗೆ ಕಪ್ಪಾಗುವುದುಂಟು. 1930ರ ದಶಕದಲ್ಲಿ ಬಂದ ಥ್ಯಾಲೋಸಯನೀನ್ ನೀಲಿಯು ಸಾವಯವವಾಗಿದ್ದರೂ ಬಂಡೆಯಂತೆ ನಿಲ್ಲುತ್ತದೆ. ಆದುದರಿಂದಲೇ ಪರೀಕ್ಷೆಯ ಅಗತ್ಯ.

ಈ ಪರೀಕ್ಷೆಗೆ ಶಾಸ್ತ್ರೀಯ ರೂಪ ದೊರೆತುದು ಒಂದು ಜಗಳದಿಂದ. 1886ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ರಾಣಿಯ ಚಿತ್ರಸಂಗ್ರಹದ ಮೇಲ್ವಿಚಾರಕನಾಗಿದ್ದ ಜೆ. ಸಿ. ರಾಬಿನ್ಸನ್, ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಹಗಲ ಬೆಳಕಿಗೆ ತೂಗುಹಾಕಿರುವ ಜಲವರ್ಣಗಳು ಹಾಳಾಗುತ್ತಿವೆಯೆಂದು ದೂರಿದನು. ಜಲವರ್ಣ ಕಲಾವಿದರಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಬಾಡಿಹೋಗುವ ಚಿತ್ರವನ್ನು ಹಣ ಕೊಟ್ಟು ಕೊಳ್ಳುವವರಾರು? ಅವರು ಉಗ್ರವಾಗಿ ಉತ್ತರಿಸಿದರು. ಎರಡು ಪಕ್ಷದವರ ಬಳಿಯೂ ಅಭಿಪ್ರಾಯಗಳಿದ್ದವೇ ಹೊರತು ಅಳತೆಗಳಿರಲಿಲ್ಲ. ಸರ್ಕಾರದ ವಿಜ್ಞಾನ ಮತ್ತು ಕಲಾ ಇಲಾಖೆಯು ವಿಷಯವನ್ನು ರಸಾಯನಶಾಸ್ತ್ರಜ್ಞ ರಸೆಲ್ ಹಾಗೂ ಛಾಯಾಗ್ರಹಣ ವಿಜ್ಞಾನದಲ್ಲಿ ಪಳಗಿದ ಸೇನಾಧಿಕಾರಿ ಕ್ಯಾಪ್ಟನ್ ಆಬ್ನಿ ಅವರಿಗೆ ಒಪ್ಪಿಸಿತು. ಅವರ ವರದಿ 1888ರಲ್ಲಿ ಹೊರಬಂದಿತು.

ಅವರು ಅನುಸರಿಸಿದ ಕ್ರಮ ಸರಳವಾದುದು, ಆದರೆ ಬಲು ಜಾಣತನದ್ದು. ಒಂದೊಂದು ಬಣ್ಣವನ್ನೂ ತೆಳುವಿನಿಂದ ಗಾಢದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಾಗದದ ಪಟ್ಟಿಗಳ ಮೇಲೆ ಬಳಿದು, ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು, ಸ್ವಲ್ಪ ಭಾಗವನ್ನು ಮುಚ್ಚಿ ಬಿಸಿಲಿಗೆ ತೂಗುಹಾಕಿದರು. ಮುಚ್ಚಿದ ಭಾಗವೇ ಸಾಕ್ಷಿ, ತೆರೆದ ಭಾಗವೇ ಆರೋಪಿ. ಎರಡು ವರ್ಷಕ್ಕೆ ಸಮೀಪವಾದ ಕಾಲ ಪಟ್ಟಿಗಳು ಅಲ್ಲಿದ್ದವು. ಕಾರ್ಮೈನ್, ಕ್ರಿಮ್ಸನ್ ಲೇಕ್‌ನಂತಹ ಕೆಂಪುಗಳು ಮೊದಲೇ ಸೋತವು. ನಮ್ಮ ದೇಶದಿಂದ ಹೋಗುತ್ತಿದ್ದ ನೀಲಿಯೂ ಬಾಡುವವುಗಳ ಸಾಲಿಗೆ ಸೇರಿತು. ಹಳದಿ ಕಾವಿ, ಇಂಡಿಯನ್ ರೆಡ್, ಬರ್ನ್ಟ್ ಸಿಯೆನ್ನಾ, ಕೋಬಾಲ್ಟ್ ನೀಲಿಗಳು ಅಚಲವಾಗಿ ನಿಂತವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆ ವರದಿ ಒಂದು ಪಟ್ಟಿಯಾಗಿ ಉಳಿಯುತ್ತಿತ್ತು. ರಸೆಲ್ ಮತ್ತು ಆಬ್ನಿ ಮುಂದಕ್ಕೆ ಹೋದರು. ಕೆಲವು ಕೊಳವೆಗಳಲ್ಲಿ ಒಣಗಾಳಿ, ಕೆಲವುಗಳಲ್ಲಿ ತೇವದ ಗಾಳಿ, ಇನ್ನು ಕೆಲವುಗಳಲ್ಲಿ ಜಲಜನಕ ತುಂಬಿದರು. ಕೆಲವುಗಳಿಂದ ಗಾಳಿಯನ್ನು ಪೂರ್ತಿಯಾಗಿ ಹೀರಿ ತೆಗೆದರು. ಗಾಳಿಯಿಲ್ಲದ ಕೊಳವೆಗಳಲ್ಲಿ ಅದೇ ಬಿಸಿಲು ಬಿದ್ದರೂ ಬಹುತೇಕ ಬಣ್ಣಗಳು ಮಾಸಲಿಲ್ಲ. ತೇವದ ಗಾಳಿಯಲ್ಲಿ ಅವೇ ಬಣ್ಣಗಳು ಬೇಗನೆ ಅಳಿದವು. ಬೆಳಕೊಂದೇ ಅಪರಾಧಿಯಲ್ಲ, ಗಾಳಿಯೂ ತೇವವೂ ಅದರ ಸಹಚರರು ಎಂಬುದು ಹೀಗೆ ಸ್ಥಾಪಿತವಾಯಿತು. ಬಣ್ಣದ ಗಾಜುಗಳ ಮೂಲಕ ಬೆಳಕು ಹಾಯಿಸಿ, ನೀಲಿ ಮತ್ತು ನೇರಿಳೆಯ ಕಡೆಯ ಕಿರಣಗಳದೇ ಹಾನಿಯಲ್ಲಿ ಮುಖ್ಯ ಪಾಲು ಎಂದೂ ತೋರಿಸಿದರು. ರಾಬಿನ್ಸನ್ನನ ಭಯಕ್ಕೆ ಆಧಾರವಿದ್ದಿತು. ಆದರೆ ಎಲ್ಲ ಜಲವರ್ಣಗಳಿಗೂ ಅದನ್ನು ಅನ್ವಯಿಸುವಂತಿರಲಿಲ್ಲ.

ಆ ಕಾಲದಲ್ಲಿ ಕೊರತೆಯಾಗಿದ್ದುದು ಒಂದು ಸಾಮಾನ್ಯ ಅಳತೆಗೋಲು. ಲಂಡನ್ನಿನ ಎರಡು ವರ್ಷವೂ ಬಳ್ಳಾರಿಯ ಎರಡು ವರ್ಷವೂ ಒಂದೇ ಅಲ್ಲ. ಈ ಕೊರತೆಯನ್ನು ನೀಗಿಸಿದುದು ಬಟ್ಟೆಯ ಉದ್ಯಮ. ಎಂಟು ಬಗೆಯ ನೀಲಿ ಬಣ್ಣಗಳಲ್ಲಿ ಅದ್ದಿದ ಎಂಟು ಉಣ್ಣೆಯ ಚೂರುಗಳನ್ನು ಒಂದು ರಟ್ಟಿಗೆ ಅಂಟಿಸಿರುತ್ತಾರೆ. ಒಂದನೆಯದು ಅತಿ ಬೇಗ ಮಾಸುವುದು. ಎರಡನೆಯದಕ್ಕೆ ಹೆಚ್ಚು ಕಡಿಮೆ ಅದರ ಎರಡರಷ್ಟು ಬೆಳಕು ಬೇಕು. ಮೂರನೆಯದಕ್ಕೆ ಅದರ ಎರಡರಷ್ಟು. ಹೀಗೆ ಏರುತ್ತ ಹೋಗಿ ಎಂಟನೆಯದು ಒಂದನೆಯದಕ್ಕಿಂತ ನೂರು ಪಟ್ಟಿಗೂ ಮೀರಿ ತಾಳುತ್ತದೆ. ಪರೀಕ್ಷಿಸಬೇಕಾದ ಬಣ್ಣವನ್ನು ಈ ರಟ್ಟಿನ ಪಕ್ಕದಲ್ಲಿಟ್ಟರೆ, ಅದು ಯಾವ ಚೂರಿನ ಜೊತೆಜೊತೆಗೆ ಮಾಸಿತು ಎಂಬುದೇ ಅದರ ಅಂಕ. ಮೋಡ ಕವಿದರೂ ಸರಿ, ಬಿಸಿಲು ಕಾಯ್ದರೂ ಸರಿ, ಎರಡಕ್ಕೂ ಒಂದೇ ಬೆಳಕು. ತಕ್ಕಡಿಯೊಡನೆ ತೂಕದ ಕಲ್ಲು ದೊರೆತಂತೆ ಇದು. ಕಲಾವಿದರ ಬಣ್ಣಗಳಿಗೇ ಮೀಸಲಾದ ಅಮೆರಿಕದ ಪರೀಕ್ಷಾ ಮಾನದಂಡಗಳು 1980ರ ದಶಕದಲ್ಲಿ ಸಿದ್ಧವಾದವು. ಅವುಗಳಲ್ಲಿ ಉಪಕರಣದಿಂದ ವರ್ಣವ್ಯತ್ಯಾಸವನ್ನು ಅಳೆದು ಬಣ್ಣಗಳನ್ನು ಐದು ವರ್ಗಗಳಾಗಿ ವಿಂಗಡಿಸುತ್ತಾರೆ. 4 ಅಂಶಕ್ಕಿಂತ ಕಡಿಮೆ ಬದಲಾದುದು ಮೊದಲನೆಯ ವರ್ಗ, 24ನ್ನು ದಾಟಿದುದು ಕೊನೆಯ ವರ್ಗ. 1868ರಲ್ಲಿ ಪ್ರಯೋಗಶಾಲೆಯಲ್ಲಿ ಸಂಯೋಜಿತವಾಗಿ ಬಹುಕಾಲ ಕಲಾವಿದರ ಕಣ್ಮಣಿಯಾಗಿದ್ದ ಅಲಿಜರಿನ್ ಕೆಂಪು ಜಲವರ್ಣದಲ್ಲಿ ಕೆಳಗಿನ ವರ್ಗಕ್ಕೆ ಇಳಿಯಿತು. ಇಂದು ಅದರ ಸ್ಥಾನದಲ್ಲಿ ಬಳಕೆಯಾಗುವುದು ಬಹುಮಟ್ಟಿಗೆ 1958ರಲ್ಲಿ ಮಾರುಕಟ್ಟೆಗೆ ಬಂದ ಕ್ವಿನಾಕ್ರಿಡೋನ್ ಬಳಗದ ಕೆಂಪುಗಳು.

ಬಿಸಿಲಿನ ಪ್ರಮಾಣವನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. ಸಂಗ್ರಹಾಲಯಗಳಲ್ಲಿ ಜಲವರ್ಣಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ವಾಡಿಕೆ. ದಿನಕ್ಕೆ 8 ಗಂಟೆಯಂತೆ ವರ್ಷವಿಡೀ ಪ್ರದರ್ಶಿಸಿದರೆ ಒಟ್ಟು 1,46,000 ಲಕ್ಸ್‌ಗಂಟೆಗಳಾಗುತ್ತವೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಎಂದರೆ ಸಂಗ್ರಹಾಲಯದ ಒಂದು ವರ್ಷವು ಬಿಸಿಲಿನ ಒಂದೂವರೆ ಗಂಟೆಗೆ ಸಮ. ಬಿಸಿಲಿನ ಅತಿನೇರಿಳೆ ಕಿರಣಗಳನ್ನು ಗಣಿಸಿದರೆ ಬಿಸಿಲಿನ ಹಾನಿ ಇನ್ನೂ ಹೆಚ್ಚು. ತರಗತಿಯ ಕಿಟಕಿಯೆದುರಿನ ಗೋಡೆಯ ಮೇಲೆ ತೂಗಿಹಾಕಿದ ವಿದ್ಯಾರ್ಥಿಯ ಚಿತ್ರ, ಅವನು ಶಾಲೆ ಬಿಡುವ ಮೊದಲೇ ಬಿಳಿಚಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಈ ಪರೀಕ್ಷೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ನಡೆಸಬಹುದು. ಬೇಕಾಗುವುದು ಹಣಕ್ಕಿಂತ ತಾಳ್ಮೆ. ದಪ್ಪನೆಯ ಉತ್ತಮ ಕಾಗದದ ಮೇಲೆ ಪ್ರತಿಯೊಂದು ಬಣ್ಣವನ್ನೂ ಗಾಢದಿಂದ ತೆಳುವಿಗೆ ಇಳಿಯುವಂತೆ ಬಳಿದು, ಒಣಗಿದ ಮೇಲೆ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಕತ್ತರಿಸಬೇಕು. ಒಂದು ಪಾಲು ಪುಸ್ತಕದೊಳಗೆ ಕತ್ತಲಲ್ಲಿರಲಿ. ಇನ್ನೊಂದರ ಅರ್ಧವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಗಾಜಿನ ಕಿಟಕಿಯ ಒಳಬದಿಗೆ ಅಂಟಿಸಬೇಕು. ಕರಿಯ ಕಾಗದದಿಂದ ಮುಚ್ಚಬಾರದು. ಅದು ಬಿಸಿಲನ್ನು ಹೀರಿ ಕಾಯುತ್ತದೆ. ಕಿಟಕಿಯಲ್ಲಿದ್ದ ಪಟ್ಟಿಯ ಮುಚ್ಚಿದ ಭಾಗವೂ ಪುಸ್ತಕದಲ್ಲಿದ್ದ ಪಾಲಿಗಿಂತ ಬೇರೆಯಾಗಿ ಕಂಡರೆ, ಆ ಬದಲಾವಣೆ ಬೆಳಕಿನದಲ್ಲ, ಕಾವಿನದೋ ತೇವದ್ದೋ ಎಂದು ತಿಳಿಯಬೇಕು. ಬಣ್ಣ ಬಳಿಯದ ಬರಿಯ ಕಾಗದದ ಒಂದು ಪಟ್ಟಿಯೂ ಜೊತೆಗಿರಬೇಕು. ಅಗ್ಗದ ಕಾಗದ ತಾನೇ ಹಳದಿಯಾಗಿ, ಮಾಸದ ನೀಲಿಯನ್ನೂ ಹಸುರಾದಂತೆ ತೋರಿಸುತ್ತದೆ.

ಉಣ್ಣೆಯ ಅಳತೆಪಟ್ಟಿ ದೊರೆಯದಿದ್ದಲ್ಲಿ ಅಲಿಜರಿನ್ ಕೆಂಪು ಮತ್ತು ಬರ್ನ್ಟ್ ಸಿಯೆನ್ನಾಗಳನ್ನು ಸಾಕ್ಷಿಗಳಾಗಿ ಇಟ್ಟುಕೊಳ್ಳಬಹುದು. ತೆಳುವಾದ ಅಲಿಜರಿನ್ ಇನ್ನೂ ಮಾಸಿಲ್ಲವೆಂದಾದರೆ ಬಿದ್ದ ಬೆಳಕು ಸಾಲದು. ಉಳಿದ ಬಣ್ಣಗಳನ್ನು ಸ್ಥಿರವೆಂದು ಹೊಗಳುವ ಹಕ್ಕು ಇನ್ನೂ ಬಂದಿಲ್ಲ. ಸಿಯೆನ್ನಾವೇ ಬದಲಾದಂತೆ ಕಂಡರೆ ಪ್ರಯೋಗದಲ್ಲಿ ಬೇರೇನೋ ದೋಷವಿದೆ.

ಉತ್ತರ ದೇಶಗಳ ಕೈಪಿಡಿಗಳು ದಕ್ಷಿಣಕ್ಕೆ ಮುಖಮಾಡಿದ ಕಿಟಕಿಯನ್ನು ಆರಿಸಿಕೊಳ್ಳಲು ಹೇಳುತ್ತವೆ. ಅಲ್ಲಿ ಸೂರ್ಯ ಸದಾ ದಕ್ಷಿಣದಲ್ಲಿಯೇ ಇರುವುದರಿಂದ ಅದು ಸರಿ. ಕರ್ನಾಟಕದಲ್ಲಿ ಅದನ್ನು ಕಣ್ಣುಮುಚ್ಚಿ ಅನುಸರಿಸಿದರೆ ಪ್ರಯೋಗ ಕೆಡುತ್ತದೆ. ಧಾರವಾಡದ ಅಕ್ಷಾಂಶದಲ್ಲಿ ಮೇ ಮೊದಲಿನಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಪಟ್ಟಿ ಅಂಟಿಸಿ, ದೀಪಾವಳಿಯ ರಜೆಗೆ ಮುನ್ನ ತೆಗೆದು ನೋಡುವವರಿಗೆ ಎಲ್ಲ ಬಣ್ಣಗಳೂ ಗಟ್ಟಿಯೆಂಬ ಹುಸಿ ಸಮಾಧಾನ ದೊರೆಯಬಹುದು. ಅಕ್ಟೋಬರಿನಿಂದ ಮಾರ್ಚಿಯವರೆಗಿನ ಅವಧಿ ಇದಕ್ಕೆ ಪ್ರಶಸ್ತ. ಕರಾವಳಿ, ಮಲೆನಾಡುಗಳವರು ಒಂದು ಜೊತೆ ಪಟ್ಟಿಗಳನ್ನು ಮಳೆಗಾಲದಲ್ಲಿ ಪೂರ್ವ ಅಥವಾ ಪಶ್ಚಿಮದ ಕಿಟಕಿಯಲ್ಲಿಟ್ಟು ನೋಡುವುದೂ ಉಚಿತ. ತೇವದ ಬಗ್ಗೆ ರಸೆಲ್ ಮತ್ತು ಆಬ್ನಿ ಕಂಡುದಕ್ಕೆ ಅಲ್ಲಿನ ಗಾಳಿಗಿಂತ ಒಳ್ಳೆಯ ಪರೀಕ್ಷಾಸ್ಥಳ ಸಿಕ್ಕುವುದು ಕಷ್ಟ.

ಫಲಿತಾಂಶವನ್ನು ಓದುವುದರಲ್ಲಿಯೂ ಜಾಗ್ರತೆ ಬೇಕು. ಪ್ರಷ್ಯನ್ ನೀಲಿಯು ಬೆಳಕಿನಲ್ಲಿ ಮಂಕಾಗಿ, ಕತ್ತಲಲ್ಲಿ ಕೆಲಕಾಲ ಇಟ್ಟರೆ ಮರಳಿ ಬಣ್ಣವೇರುವ ವಿಚಿತ್ರ ವಸ್ತು. ಅದನ್ನು ಎರಡು ಸಲ ನೋಡಿ ಎರಡನ್ನೂ ಬರೆದುಕೊಳ್ಳಬೇಕು. ಬಣ್ಣದ ಹೆಸರನ್ನು ಮಾತ್ರ ಬರೆದರೆ ಸಾಲದು. ಒಂದೇ ಹೆಸರಿನಲ್ಲಿ ಬೇರೆ ಬೇರೆ ತಯಾರಕರು ಬೇರೆ ಬೇರೆ ದ್ರವ್ಯಗಳನ್ನು ಮಾರುತ್ತಾರೆ. ಉತ್ತಮ ದರ್ಜೆಯ ಕೊಳವೆಗಳ ಮೇಲೆ ಅಲಿಜರಿನ್‌ಗೆ ಪಿ.ಆರ್. 83, ಅಲ್ಟ್ರಾಮರೀನ್‌ಗೆ ಪಿ.ಬಿ. 29 ಎಂಬಂತಹ ಅಂತರರಾಷ್ಟ್ರೀಯ ಸಂಕೇತಗಳು ಅಚ್ಚಾಗಿರುತ್ತವೆ. ನಿಜವಾದ ಹೆಸರು ಅದೇ. ಮಕ್ಕಳಿಗೆಂದು ಮಾರುವ ಅಗ್ಗದ ಪೆಟ್ಟಿಗೆಗಳ ಮೇಲೆ ಇದು ಸಾಮಾನ್ಯವಾಗಿ ಇರುವುದಿಲ್ಲ. ಕಣ್ಣು ಕೋರೈಸುವ ಗುಲಾಬಿಗಳನ್ನು ಮೊದಲು ಸಂದೇಹಿಸಬೇಕು.

ಪರೀಕ್ಷೆಯಿಲ್ಲದೆ ಬರೆದ ಚಿತ್ರಕ್ಕೆ ಏನಾಗಬಹುದೆಂಬುದಕ್ಕೆ ಅಮೆರಿಕದ ಕಲಾವಿದ ವಿನ್‌ಸ್ಲೋ ಹೋಮರನು 1887ರಲ್ಲಿ ರಚಿಸಿದ, ಹೊಲದಲ್ಲಿನ ಹುಡುಗನೊಬ್ಬನ ಜಲವರ್ಣವು ನಿದರ್ಶನ. ಚಿಕಾಗೋದ ಕಲಾಸಂಸ್ಥೆಯಲ್ಲಿರುವ ಆ ಚಿತ್ರದ ಆಕಾಶ ಬರಿಯ ಬಿಳುಪು. ಕಲಾವಿದ ಅದನ್ನು ಹಾಗೆಯೇ ಬಿಟ್ಟನೆಂದು ನೋಡಿದವರು ಭಾವಿಸುವಂತಿತ್ತು. 2008ರ ಪ್ರದರ್ಶನಕ್ಕೆ ಮುನ್ನ ಸಂರಕ್ಷಕರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಗದದ ನಾರುಗಳ ನಡುವೆ ಕೆಂಪು ಬಣ್ಣದ ಅಳಿದುಳಿದ ಕಣಗಳು ಕಂಡವು. ಅವುಗಳನ್ನು ಗುರುತಿಸಲು ನೆರವಾದುದು, ಮುಂದೆ ಬೆಂಗಳೂರನ್ನೇ ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡ ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಬೆಳಕಿನ ಪರಿಣಾಮವನ್ನೇ ಆಧರಿಸಿದ ರೋಹಿತವಿಧಾನ. ಹೋಮರ್ ಚಿತ್ರಿಸಿದ್ದುದು ಸಂಜೆಯ ಕೆಂಬಣ್ಣದ ಆಕಾಶವನ್ನು. ವಿದ್ವಾಂಸರು ಗಣಕಯಂತ್ರದ ನೆರವಿನಿಂದ ಆ ಸಂಜೆಯನ್ನು ಬೇರೊಂದು ಪ್ರತಿಯಲ್ಲಿ ಪುನಃ ಮೂಡಿಸಿ ತೋರಿಸಿದರು. ಮೂಲಚಿತ್ರದಲ್ಲಿ ಆಕಾಶ ಈಗಲೂ ಬಿಳುಪಾಗಿಯೇ ಇದೆ.